ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ

"ಜೊಳ್ಳೆಲ್ಲ ತೇಲ್ತಿತ್ತು ಕಣೋ, ಬಳಿದು ಚೆಲ್ಲಿಬಿಟ್ಟೆ. ಗಟ್ಟಿ ಮಾತ್ರ ತಳದಲ್ಲಿ ಹಾಗೇ ಇದೆ, ನೋಡು!" ಎಂದರು ಸುಶೀಲಮ್ಮ, ಬಕೆಟ್ಟು ತೋರಿಸುತ್ತ, ಬೇಳೆ ತೊಳೆದಿಟ್ಟಂಥ ಹೆಮ್ಮೆಯಲ್ಲಿ.

ಸೋಸುವ ಬಟ್ಟೆ ತರಲು ಒಂದು ಗಳಿಗೆ ಮಹಡಿಗೆ ಹೋಗಿದ್ದ ಕೌಸ್ತುಭ್, ಹಿತ್ತಿಲ ಬಾಗಿಲಲ್ಲಿ ಒಣಗಿದ ಹಪ್ಪಳದಂತೆ ಸೆಟೆದು ನಿಂತ. ಅಮೆರಿಕದ ಫ್ಲೂಗರ್‌ವಿಲ್‌ನ ಇವರ ಮನೆಯಲ್ಲಿ ಬಾಡಿಗೆಗಿದ್ದು ಅವನು ಓದುತ್ತಿದ್ದದ್ದು, ಪಶ್ಚಿಮದ ಒಣಸೀಮೆಯ ಮೂಲನಿವಾಸಿಗಳಾದ ಪ್ವೆಬ್ಲೊ ಜನರ ಹಳೆಯ ಬೇಸಾಯವನ್ನು. ಬಕೆಟ್ಟಿನಲ್ಲಿದ್ದದ್ದು ಅವರ ಸಾವಿರ ವರ್ಷದ ಒಲೆಯ ಮಣ್ಣು. ನೀರು ಹುಯ್ದರೆ ಮಣ್ಣು ಮುಳುಗಿ, ಅಂದು ಸೀದ ಕಾಳು ತೇಲುತ್ತದೆ. ಲ್ಯಾಬಿನ ಸಿಂಕು ಕಟ್ಟಿಕೊಂಡಿದ್ದರಿಂದ ಕೆಲಸ ಹಿತ್ತಿಲಿಗೆ ಬಂದಿತ್ತು. ಥೀಸಿಸ್ಸಿಗೆ ಉಳಿದಿದ್ದ ಕೊನೆಯ ಮಣ್ಣು ಅದೇ. ಸಂಜೆ ಗೈಡ್ ಶ್ರೀಜಾ ಮೇಡಂ ನೋಡಲು ಬರುವವರಿದ್ದರು.

"ಆಂಟೀ, ಇಲ್ಲಿ ತೇಲೋದೇ ಚಿನ್ನ! ಮುಳುಗಿದ್ದು ಬರೀ ಮಣ್ಣು! ಎಲ್ಲಿ ಚೆಲ್ಲಿದ್ರಿ?"

"ಅಯ್ಯೋ ಶಿವನೇ! ಕರಿಬೇವಿನ ಕುಂಡಕ್ಕೆ."

ಕೌಸ್ತುಭ್ ಕುಂಡಕ್ಕೆ ಕೈಹಾಕುವಷ್ಟರಲ್ಲಿ ಸುಶೀಲಮ್ಮನ ಯಜಮಾನರು ನಂದಕುಮಾರ್ ಓಡಿಬಂದರು. "ಗಿಡ ಮುಟ್ಟೀಯ ಜೋಕೆ! ಹಿಮ ಬಿದ್ದಾಗ ನನ್ನ ಸ್ವೆಟರ್ ಹೊದಿಸಿ ಉಳಿಸಿದೀನಿ!"

"ಅಂಕಲ್, ಆ ಪ್ವೆಬ್ಲೊ ಜನಾನೂ ಹಾಗೇ! ಮಳೆ ಕಾಣದ ನೆಲದಲ್ಲಿ ಕಾಳನ್ನ ಆಳಕ್ಕೆ ಬಿತ್ತಿ, ಮುಸುಕಿನ ಜೋಳ, ಬೀನ್ಸು, ಕುಂಬಳ ಬೆಳೆದ್ರು. ನೀವು ಒಂದು ಗಿಡ ಉಳಿಸಿದ್ರಿ, ಅವರು ಒಂದು ಊರನ್ನೇ ಉಳಿಸಿದ್ರು."

ನಂದಕುಮಾರ್ ಕರಗಿದರು. "ಬೇರಿಗೆ ಪೆಟ್ಟಾದ್ರೆ ನಿನ್ನ ಬೇರು ಕೀಳ್ತೀನಿ" ಎನ್ನುತ್ತಲೇ ತಾವೇ ಚಮಚ ತಂದುಕೊಟ್ಟರು.

ಕುಂಡದ ಮೇಲ್ಮಣ್ಣನ್ನು ಬೋಗುಣಿಯ ನೀರಿಗೆ ಹಾಕಿದ್ದೇ ತಡ, ಕಪ್ಪು ಕಾಳುಗಳು ಮೇಲೆದ್ದವು. ಕೌಸ್ತುಭ್ ಒಂದನ್ನು ಚಮಚದ ತುದಿಯಲ್ಲಿ ಎತ್ತಿ ಹಿಡಿದ. "ಈ ಜೋಳ ನೋಡಿ ಆಂಟಿ. ಯಾವ ತಾಯಿ ಯಾವ ಮಗೂಗೆ ಅಂತ ಸುಟ್ಟಿದ್ಲೋ!"

"ಪುಣ್ಯಾತಗಿತ್ತಿ," ಎಂದು ಸುಶೀಲಮ್ಮ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು, ಮಿಕ್ಕ ಪಾತ್ರೆ ತೊಳೆಯಲು ಹೋದರು.

ಸಂಜೆ ಬಂದ ಮೇಡಂ ಭೂತಗನ್ನಡಿ ಹಿಡಿದು ನೋಡಿದರು. ಹುಬ್ಬು ಮೇಲೇರಿತು. "ಇದು ಈಗಿನ ಸ್ವೀಟ್ ಕಾರ್ನ್. ಇದು ಸಾಸಿವೆ. ಇದು... ಉದ್ದಿನಬೇಳೆ?"

"ಸೀದ ಒಗ್ಗರಣೆ ಎಲ್ಲ ಆ ಕುಂಡಕ್ಕೇ ಹಾಕೋದು ಮೇಡಂ," ಎಂದರು ಸುಶೀಲಮ್ಮ ಸಣ್ಣ ದನಿಯಲ್ಲಿ. "ಜೋಳ ಇವರು ಭಾನುವಾರ ಗ್ರಿಲ್ ಮೇಲೆ ಕರಕಲು ಮಾಡಿದ್ದು."

ಆ ಪುಣ್ಯಾತಗಿತ್ತಿ ನಂದಕುಮಾರರೇ ಎಂದು ತಿಳಿದ ಕೌಸ್ತುಭ್ ಹಣೆ ಚಚ್ಚಿಕೊಂಡ.

"ಹೋಗ್ಲಿ ಬಿಡಪ್ಪಾ," ಮೇಡಂ ನಕ್ಕರು. "ತೇಲಿದ್ದರಲ್ಲಿ ಹಳೇದು ಹೊಸದು ಬೆರೆತುಹೋಯ್ತು. ಆದ್ರೆ ಭಾರದ ಕಾಳು ತೇಲಲ್ಲ, ಮಣ್ಣಲ್ಲೇ ಮುಳುಗಿರುತ್ತೆ. ಮೊದಲ ಕ್ಲಾಸಲ್ಲೇ ಹೇಳಿದ್ದೆ. ಆ ತಳದ ಮಣ್ಣಿದ್ರೆ ನಿನ್ನ ಥೀಸಿಸ್ ಉಳೀತು. ಎಲ್ಲಿ ಅದು?"

ಬಕೆಟ್ಟು ಬೇಲಿಯ ಪಕ್ಕ ಬೋರಲಾಗಿ, ಫಳಫಳ ಹೊಳೆಯುತ್ತಿತ್ತು.

"ಮುಳುಗಿದ್ದು ಬರೀ ಮಣ್ಣು ಅಂತ ನೀನೇ ಅಂದ್ಯಲ್ಲೋ!" ಸುಶೀಲಮ್ಮ ಗಾಬರಿಯಾದರು. "ಗಿಡಕ್ಕಾದ್ರೂ ಆಗ್ಲಿ ಅಂತ ಆ ಕುಂಡಕ್ಕೇ ಸುರಿದುಬಿಟ್ಟೆ."

ಎಲ್ಲರ ಕಣ್ಣೂ ಕುಂಡದತ್ತ ಹೊರಳಿತು. ನಂದಕುಮಾರ್ ಅದನ್ನು ಎರಡೂ ತೋಳಲ್ಲಿ ತಬ್ಬಿ ಎತ್ತಿಕೊಂಡು ಒಳಗೆ ಹೋದರು. ಹಿಂದೆಯೇ ಚಿಲಕ ಬಿದ್ದ ಸದ್ದಾಯಿತು.