ಭಟ್ಟರು ದೇವರಿಗೆ ಬರೆದುಕೊಟ್ಟ ಫ್ಲ್ಯಾಟು

ಆ ಭಾನುವಾರ ಮಹಾಲಿಂಗ ಭಟ್ಟರಿಗೆ ಸಿಟ್ಟು ಬಂದದ್ದು ಪಾಯಸದ ಹೊತ್ತಿಗೆ. ಸಾರಿನ ಹೊತ್ತಿಗೇ ಬಂದಿದ್ದರೆ ಎದ್ದು ಹೋಗುತ್ತಿದ್ದರು. ಪಾಯಸ ಬಿಟ್ಟು ಏಳುವಷ್ಟು ದೊಡ್ಡ ಸಿಟ್ಟು ಅವರಿಗೆ ಜೀವಮಾನದಲ್ಲಿ ಬಂದಿರಲಿಲ್ಲ.

ಬಿಬ್ವೇವಾಡಿಯಲ್ಲಿದ್ದ ಅವರ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಮಾತು ನಡೆದಿತ್ತು. ಊಟಕ್ಕೆ ಬಂದ ಮಗ ಸುಖೇಶ್ ಮತ್ತು ಮಗಳು ಶ್ರದ್ಧಾ, ಬರಲಿರುವ ಹೊಸ ಫ್ಲ್ಯಾಟನ್ನು ಏನು ಮಾಡುವುದೆಂದು ಚರ್ಚೆಗಿಳಿದರು. ಬಾಡಿಗೆಗೆ ಕೊಡೋಣ ಎಂದು ಮಗ, ಮಾರಿಬಿಡೋಣ ಎಂದು ಮಗಳು. ಇಬ್ಬರ ಮಾತೂ ‘ಅಪ್ಪನ ನಂತರ’ ಎಂದೇ ಶುರುವಾಗುತ್ತಿತ್ತು. ಆ ಅಪ್ಪ ಎದುರಿಗೇ ಕೂತು, ಆರೋಗ್ಯವಂತ ಹಲ್ಲುಗಳಿಂದ ಗೋಡಂಬಿ ಅಗಿಯುತ್ತಿದ್ದರು.

ಮಾರ್ಕೆಟ್ ಯಾರ್ಡ್ ಹತ್ತಿರ ಮೂವತ್ತು ವರ್ಷ ಹೋಟೆಲ್ ನಡೆಸಿದವರು ಭಟ್ಟರು. ಅವರ ಸಿಟ್ಟಿಗೆ ಹೆದರಿ ದೋಸೆ ತಾನಾಗಿಯೇ ಮಗುಚಿಕೊಳ್ಳುತ್ತಿತ್ತು ಎಂಬುದು ಅಡಿಗೆಯವರ ಅಂಬೋಣ. ಅಂಥವರು ಬದುಕಿರುವಾಗಲೇ ತಮ್ಮ ಶ್ರಾದ್ಧದೂಟ ಉಂಡು ಸುಮ್ಮನಿರುವುದುಂಟೇ? ಸೋಮವಾರವೇ ವಕೀಲರಲ್ಲಿಗೆ ನಡೆದು, ಸ್ವಯಾರ್ಜಿತ ಫ್ಲ್ಯಾಟನ್ನು ಸಮಸ್ತವಾಗಿ ಶ್ರೀ ವೇಣುಧರ ಧರ್ಮ ಪ್ರತಿಷ್ಠಾನಕ್ಕೆ ವಿಲ್ ಬರೆದರು. ಪ್ರತಿಷ್ಠಾನಕ್ಕೆ ತಾವೇ ಹೋಗಿ ಪ್ರತಿ ಕೊಟ್ಟು, ಒಂದು ಶಾಲು ಹೊದೆಸಿಕೊಂಡು, ಮಕ್ಕಳಿಬ್ಬರಿಗೂ ಫೋನು ಮಾಡಿ ಘೋಷಿಸಿದರು. ಅಳು, ಕ್ಷಮಾಪಣೆ, ಕಡೇಪಕ್ಷ ಒಂದು ದೀರ್ಘ ಮೌನವನ್ನಾದರೂ ಅವರು ನಿರೀಕ್ಷಿಸಿದ್ದರು. ಮಗ, “ಒಳ್ಳೇ ಕೆಲಸ ಅಪ್ಪ,” ಎಂದು ಇಟ್ಟುಬಿಟ್ಟ. ಮಗಳು ಮೀಟಿಂಗಿನಲ್ಲಿದ್ದಳು.

ಹೆಂಡತಿ ಪಂಕಜಾಕ್ಷಮ್ಮ ಅಷ್ಟೂ ಹೊತ್ತು ಬಸಳೆ ಸೋಸುತ್ತಿದ್ದರು. ಕೊನೆಗೆ ತಲೆಯೆತ್ತಿ ಕೇಳಿದರು.

“ನಿಮ್ಮ ನಂತರ ನಾನು ಎಲ್ಲಿ ಇರುವುದು?”

ಭಟ್ಟರು ಬಾಯಿ ತೆರೆದರು. ವಿಲ್ಲಿನಲ್ಲಿ ದೇವರಿದ್ದ, ಸಾಕ್ಷಿಗಳಿದ್ದರು, ಬಾಲ್ಕನಿಯ ನೀರಿನ ಟ್ಯಾಂಕಿ ಕೂಡ ಇತ್ತು. ಹೆಂಡತಿ ಇರಲಿಲ್ಲ. ಮರೆತೇಹೋಗಿತ್ತು. ಹಾಗೆಂದು ಒಪ್ಪಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಭಟ್ಟರು ಸಿಟ್ಟಿನಲ್ಲಿದ್ದರಲ್ಲ, “ಅವರದ್ದೊಂದು ಯಾತ್ರಿ ನಿವಾಸ ಉಂಟು,” ಎಂದುಬಿಟ್ಟರು.

ಪಂಕಜಾಕ್ಷಮ್ಮ ಕೂಗಾಡಲಿಲ್ಲ. (ಕೂಗಾಡಿದ್ದರೆ ಭಟ್ಟರು ಗೆಲ್ಲುತ್ತಿದ್ದರು, ಆ ವಿದ್ಯೆಯಲ್ಲಿ ಅವರದು ಎತ್ತಿದ ಕೈ.) ಮರುದಿನ ಸಂಜೆ ಚಹಾದ ಜೊತೆ ನೀರುಳ್ಳಿ ಬಜೆ ಬರಲಿಲ್ಲ. ನೀರುಳ್ಳಿಯ ಬುಟ್ಟಿಯೇ ಪಕ್ಕದ ಮನೆಗೆ ಹೋಗಿತ್ತು. ಕಾರಣ ಕೇಳಿದರೆ, ದೇವರ ಆಸ್ತಿಯಲ್ಲಿ ನೀರುಳ್ಳಿ ಬೇಯಿಸಲಿಕ್ಕೆ ಕೈ ಬರುವುದಿಲ್ಲ ಎಂದರು.

“ವಿಲ್ ಜಾರಿಗೆ ಬರುವುದು ನಾನು ಸತ್ತ ಮೇಲೆ, ಮಾರಾಯ್ತಿ.”

“ಗೊತ್ತುಂಟು. ನಾನು ಈಗಲೇ ಅಭ್ಯಾಸ ಮಾಡುವುದು. ಆಮೇಲೆ ಅವರ ಹಂಗಿನಲ್ಲಿ ಇರಬೇಕಾದವಳು ನಾನಲ್ಲವಾ?”

ಅಭ್ಯಾಸ ಬಿರುಸಾಗಿಯೇ ನಡೆಯಿತು. ಪ್ರತಿಷ್ಠಾನದ ಮಹಿಳೆಯರ ಭಜನಾ ಮಂಡಳಿ ಜಾಗ ಹುಡುಕುತ್ತಿತ್ತಂತೆ. ಪಂಕಜಾಕ್ಷಮ್ಮ ಅವರನ್ನು ಹಾಲಿಗೆ ಕರೆದರು. ಕ್ರಿಕೆಟ್ಟಿನ ಹೊತ್ತಿಗೆ ಸರಿಯಾಗಿ ತಾಳ ಶುರುವಾಗುತ್ತಿತ್ತು. ಆಮೇಲೆ ಭೋಸರಿಯಿಂದ ಯಾರೋ ಭಕ್ತ ದಂಪತಿ ಬಂದು ಭಟ್ಟರ ಮಂಚದಲ್ಲೇ ಮಲಗಿದರು. ಆತನ ಗೊರಕೆಯಲ್ಲಿ ಭಕ್ತಿಯ ಲವಲೇಶವೂ ಇರಲಿಲ್ಲ. ಚಾಪೆಯ ಮೇಲೆ ಹೊರಳಾಡುತ್ತ ಭಟ್ಟರು ಮೊದಲು ಹೆಂಡತಿಯ ಮೇಲೆ ಹಲ್ಲು ಕಡಿದರು, ಬಳಿಕ ಮಕ್ಕಳ ಮೇಲೆ, ಬಳಿಕ ಪ್ರತಿಷ್ಠಾನದ ಮೇಲೆ. ಬೆಳಗಿನ ಜಾವಕ್ಕೆ ಬೈಯಲು ಬೇರೆ ಯಾರೂ ಉಳಿದಿರಲಿಲ್ಲ. ಆಗ ತಮ್ಮದೇ ನೆನಪಾಯಿತು. ಪಂಕಜಾಕ್ಷಿ ಮುದುಕಿಯಾಗಿ, ಕೈಯಲ್ಲೊಂದು ಚೀಲ ಹಿಡಿದು, ಯಾತ್ರಿ ನಿವಾಸದ ಬಾಗಿಲಲ್ಲಿ ನಿಂತ ಚಿತ್ರ ಕಣ್ಣಿಗೆ ಕಟ್ಟಿ ಬಜೆಯ ಸಿಟ್ಟು ಕೂಡ ಇಳಿದುಹೋಯಿತು.

ಬೆಳಿಗ್ಗೆ ಹೆಂಡತಿಗೂ ಹೇಳದೆ ಹೋಗಿ, ಫ್ಲ್ಯಾಟನ್ನು ಅವಳ ಹೆಸರಿಗೆ ಮಾಡಿ ಹೊಸ ವಿಲ್ ಬರೆಸಿದರು. ಅಲ್ಲಿಂದ ನೇರ ಪ್ರತಿಷ್ಠಾನಕ್ಕೆ. ಕಾರ್ಯದರ್ಶಿ ಶಿವರಾಜ ಬಿಜಾಪುರದ ಕಡೆಯವರು, ತಣ್ಣನೆಯ ಮನುಷ್ಯ. ಕೊಟ್ಟದ್ದನ್ನು ವಾಪಸು ಕೇಳುವ ಅವಮಾನಕ್ಕೆ ಭಟ್ಟರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ ಬಾಯಿಬಿಟ್ಟರು. ಮಕ್ಕಳ ಮೇಲಿನ ಸಿಟ್ಟಿಗೆ ಆಸ್ತಿ ಬರೆಯುವವರು ಬರುತ್ತಲೇ ಇರುತ್ತಾರಂತೆ. ಬಹಳ ಜನ ಮುಂದಿನ ಹಬ್ಬದೊಳಗೆ ವಾಪಸು ಪಡೆಯುತ್ತಾರಂತೆ. ಪಡೆಯದವರ ಮಕ್ಕಳು ಕೋರ್ಟಿಗೆ ಎಳೆಯುತ್ತಾರಂತೆ.

“ನಿಮ್ಮ ಮನಿಯವರು ನಿನ್ನೆನ ಬಂದಿದ್ರು,” ಎಂದರು ಶಿವರಾಜ. “ದೇವರಿಗೆ ಅಂದದ್ದು ಬರಿಗೈಲೆ ವಾಪಸ್ ತಗೋಬಾರದು, ಅದರ ಬದಲಿ ಬ್ಯಾರೆ ಕೊಡ್ತೀನಿ ಅಂದ್ರು. ನಮಗೂ ಅದರ ಅಗತ್ಯ ಭಾಳ ಇತ್ರಿ.”

ಭಟ್ಟರು ಕುರ್ಚಿಯ ತುದಿಗೆ ಸರಿದರು. ಅವಳ ತಾಯಿಮನೆಯ ಬಳೆಗಳೇ? ತಮ್ಮನ್ನು ಒಂದು ಮಾತು ಕೇಳದೆ? ಇಳಿದಿದ್ದ ಸಿಟ್ಟು ಮತ್ತೆ ಏರತೊಡಗಿತು. ಏನು ಕೊಟ್ಟಳು ಎಂದು ಗುಡುಗಿದರು.

“ನಿಮ್ಮನ್ನ ಕೊಟ್ಟಾರ್ರಿ. ಪ್ರತಿ ಶನಿವಾರ ಅನ್ನದಾನ ಇರ್ತದ. ನಮ್ಮ ಅಡಗಿ ಮಲಕಪ್ಪಗ ಕೈಗೂಡಿಸವ್ರು ಯಾರೂ ಇಲ್ಲ.”

ಶನಿವಾರ ಮಲಕಪ್ಪನ ಎದುರು ಕಾಲು ಮಡಚಿ ಕೂತು ಭಟ್ಟರು ಕುಂಬಳಕಾಯಿ ಹೆಚ್ಚಿದರು. ಹೋಳು ದಪ್ಪವಾಯಿತೆಂದು ಅವನು ಬುಟ್ಟಿಯನ್ನು ವಾಪಸು ತಳ್ಳಿದ. ಒಂದು ಕಾಲದಲ್ಲಿ ಇಂಥದ್ದಕ್ಕೇ ಎಷ್ಟೋ ಜನರ ಮೇಲೆ ಹಾರಾಡಿದ ಭಟ್ಟರು, ಮೂಗಿನ ಹೊಳ್ಳೆ ಅರಳಿಸಿಕೊಂಡು, ಮತ್ತೆ ಹೆಚ್ಚಿದರು. ಮಧ್ಯಾಹ್ನ ಹುಳಿಯ ಬಕೆಟ್ಟು ಹಿಡಿದು ಪಂಕ್ತಿಗೆ ಇಳಿದರೆ, ನಡುವೆ ಪಂಕಜಾಕ್ಷಮ್ಮ ಸೆರಗು ಹೊದ್ದು ಕೂತಿದ್ದರು. ಅತ್ತ ಸುಖೇಶ್, ಇತ್ತ ಶ್ರದ್ಧಾ. ಬಡಿಸುವವನ ಮುಖ ನೋಡುವ ಪದ್ಧತಿ ಪಂಕ್ತಿಯಲ್ಲಿಲ್ಲ, ಅವರೂ ನೋಡಲಿಲ್ಲ.

“ಭಟ್ರೇ,” ಎಂದರು ಪಂಕಜಾಕ್ಷಮ್ಮ, ಬಾಳೆಯೆಲೆಯ ಕಡೆ ಬೆರಳು ತೋರಿಸಿ, “ಇಲ್ಲಿಗೆ ಸ್ವಲ್ಪ ಹುಳಿ.”