ಏಳನೇ ನಂಬರಿನ ಬಿರುಕುಗಳು

ನಮ್ಮ ಬೀದಿಯ ಏಳು ಮತ್ತು ಒಂಬತ್ತನೇ ನಂಬರಿನ ಮನೆಗಳ ಬಗ್ಗೆ ಯಾರಾದರೂ ಬರೆಯಲೇಬೇಕು. ನೋಡಲು ಅಷ್ಟು ಚೆಂದ. ಸಾಲದ್ದಕ್ಕೆ, ನನ್ನ ಕೈಗೆ ಸಿಕ್ಕಿಯೂ ಬದುಕಿ ಉಳಿದಿವೆ!

ಇಂಗ್ಲೆಂಡಿನ ಟೋರ್ಕೀ ಬಂದರಿನ ಮೇಲಿನ ಏರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಬೆಸ ನಂಬರಿನವೆಲ್ಲ ಈ ಸಾಲಿಗೆ, ಎಂಟನೆಯದು ಎದುರು ಸಾಲಿಗೆ. ವಿಕ್ಟೋರಿಯಾ ರಾಣಿಯ ಕಾಲದವು. ಒಂದರ ಬಾಗಿಲು ಎಡಕ್ಕೆ, ಇನ್ನೊಂದರದು ಬಲಕ್ಕೆ. ನಡುವೆ ಕನ್ನಡಿ ಹಿಡಿದ ಹಾಗೆ. ಮೈತುಂಬ ಕೆನೆಬಣ್ಣದ ಗಾರೆ. ಬಾಗಿಲಿಗೆ ಎರಡೆರಡು ಕಂಬ, ಕಂಬದ ತಲೆಯ ಮೇಲೆ ಗಾರೆಯ ಎಲೆಗಳು. ಏಳರಲ್ಲಿ ನಾನು ಮತ್ತು ನನ್ನ ಹೆಂಡತಿ ಐವಿ. ಒಂಬತ್ತರಲ್ಲಿ ಎಂಬತ್ತೊಂದು ವರ್ಷದ ಮಿಸೆಸ್ ಟೋಜರ್.

ಐದು ವರ್ಷಕ್ಕೊಮ್ಮೆ ಎರಡೂ ಮನೆಗೆ ಒಟ್ಟಿಗೇ ಬಣ್ಣ ಬಳಿಸುವುದು ಪದ್ಧತಿ. ಈ ಸಲ ಅದಕ್ಕೆ ಮುಂಚೆ ಗೋಡೆಯ ಬಿರುಕು ಮುಚ್ಚುವ ಕೆಲಸ ನನ್ನದೇ ಎಂದು ಘೋಷಿಸಿದೆ.

"ಮೂವತ್ತು ವರ್ಷ ಬಸ್ಸಿನ ಇಂಜಿನ್ ಬಿಚ್ಚಿ ಜೋಡಿಸ್ದೋನು ನಾನು. ಗೋಡೆ ಯಾವ ಲೆಕ್ಕ!"

"ಇಂಜಿನ್ ಕೆಟ್ಟಿರ್ತಿತ್ತು, ರೆಜ್. ಗೋಡೆ ಚೆನ್ನಾಗೇ ಇದೆ," ಎಂದಳು ಐವಿ.

ಏಣಿ ಹತ್ತಿ ನೋಡಿದೆ. ಬಿರುಕೋ ಬಿರುಕು! ಅಡ್ಡಕ್ಕೆ, ಉದ್ದಕ್ಕೆ, ಸ್ಕೇಲಿಟ್ಟು ಎಳೆದ ಹಾಗೆ. ಹಳೇ ಮೇಸ್ತ್ರಿಗಳ ಶಿಸ್ತೇ ಶಿಸ್ತು, ಅವರು ಕಟ್ಟಿದ ಗೋಡೆ ಬಿರಿದರೂ ನೇರವಾಗಿಯೇ ಬಿರಿಯುತ್ತದೆ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಮೂರು ದಿನ ಕರಣೆ ಕೆಳಗಿಡಲಿಲ್ಲ. ಏಳನೇ ನಂಬರು ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ ನುಣ್ಣಗಾಯಿತು!

ಮಿಸೆಸ್ ಟೋಜರ್ ದಿನವೂ ಬಂದು ನೋಡಿ, ಏಣಿಯ ಬುಡದಲ್ಲಿ ಟೀ ಇಟ್ಟು, ಗಾಳಿ ಜೋರಾಗಿದೆ, ಮಳೆ ಬಂದರೂ ಬರಬಹುದು ಎಂದು ಹೇಳಿ ಒಳಗೆ ಹೋಗುತ್ತಿದ್ದರು. ನಮ್ಮ ಬೀದಿಯಲ್ಲಿ ಏಣಿ ಹತ್ತಿದವನಿಗೆ ಬುದ್ಧಿ ಹೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ನಾನು ಆ ಟೀಯನ್ನು ಮೆಚ್ಚುಗೆ ಎಂದುಕೊಂಡೆ. ನಾಲ್ಕನೇ ದಿನ ಉಪಕಾರಬುದ್ಧಿ ಉಕ್ಕಿ ಬಂದು ಏಣಿಯನ್ನು ಒಂಬತ್ತನೇ ನಂಬರಿಗೇ ಒರಗಿಸಿದೆ.

ಮಿಸೆಸ್ ಟೋಜರ್ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದು ಏಣಿ ಹಿಡಿದುಕೊಂಡರು.

"ಇಳೀರಿ, ಮಿಸ್ಟರ್ ಲಸ್ಕಂಬ್. ಅವು ಬಿರುಕಲ್ಲ. ಗಾರೆ ಹಸಿ ಇದ್ದಾಗ ಬೇಕೂಂತಲೇ ಎಳೆದ ಗೆರೆ. ಇಟ್ಟಿಗೆ ಗೋಡೆ ಕಲ್ಲಿಂದು ಅನ್ನಿಸ್ಲಿ ಅಂತ."

"ಮೂರು ದಿನ ಯಾಕೆ ಸುಮ್ನಿದ್ರಿ?"

"ಅದು ನಿಮ್ಮನೆ. ಇದು ನಮ್ಮನೆ."

ದಡಬಡಿಸಿ ಇಳಿದೆ. ಈ ಜೋಡಿ ಮನೆಗಳು ಸರ್ಕಾರ ಕಾಪಾಡುವ ಪಟ್ಟಿಯಲ್ಲಿವೆ. ಅವುಗಳ ಮುಖ ಬದಲಿಸಿದರೆ ಕೇಸು! ಬಣ್ಣಕ್ಕೆ ಮುಂಚೆ ನೋಡಿಕೊಂಡು ಹೋಗಲು ಪುರಸಭೆಯ ಮಿಸ್ ಹ್ಯಾನಫರ್ಡ್ ಬರುವುದಿತ್ತು. ಉಳಿದದ್ದು ಎಂಟೇ ದಿನ.

"ಜೈಲಿಗೆ ಹಾಕಿದ್ರೆ ನೋಡೋಕೆ ಬರ್ತೀನಿ," ಎಂದಳು ಐವಿ. "ಅಲ್ಲಿ ಮಾತ್ರ ಏನೂ ರಿಪೇರಿ ಮಾಡ್ಬೇಡ."

ಗೆರೆಗಳಿಗೆ ತುಂಬಿದ್ದನ್ನೆಲ್ಲ ಎಂಟು ದಿನವೂ ಕೆರೆದೆ. ಮಿಸೆಸ್ ಟೋಜರ್ ತಮ್ಮ ಗೋಡೆಯಿಂದ ನಮ್ಮ ಗೋಡೆಗೆ ದಾರ ಹಿಡಿದು, ಇನ್ನೂ ಕಾಲಿಂಚು ಮೇಲೆ, ಇನ್ನೊಂದು ಕೂದಲೆಳೆ ಕೆಳಗೆ ಎನ್ನುತ್ತಿದ್ದರು. ಆಗ ನನ್ನ ಕಣ್ಣು ತೆರೆಯಿತು. ಅವರ ಮನೆಯ ಒಂದೊಂದು ಗೆರೆಯೂ ನಮ್ಮ ಮನೆಗೆ ದಾಟಿ ಬಂದು, ಕಿಟಕಿಯ ತಳಕ್ಕೆ ಸರಿಯಾಗಿ ಕೂಡುತ್ತಿತ್ತು. ಬಾಗಿಲ ಕಮಾನಿನ ಸುತ್ತ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಮನೆ ಎರಡು, ಕೈಬರಹ ಒಂದೇ. ಬರೀ ಇಟ್ಟಿಗೆಗೆ ಅರಮನೆಯ ಮರ್ಯಾದೆ ಕೊಟ್ಟ ಆ ಪುಣ್ಯಾತ್ಮ ಯಾರೋ!

ಮಿಸ್ ಹ್ಯಾನಫರ್ಡ್ ಬಂದರು. ಗೋಡೆಗೆ ಮೂಗು ತಾಗಿಸಿ ಅರ್ಧ ಗಂಟೆ ನೋಡಿದರು.

"ಗೆರೆಗಳೆಲ್ಲ ಸೊಗಸಾಗಿ ಉಳ್ಕೊಂಡಿವೆ," ಎಂದರು ಕೊನೆಗೆ. "ನಿಮ್ಮ ಬಾಗಿಲ ಮೇಲೆ ಒಂದು ಬಿರುಕಿದೆ, ಮಿಸ್ಟರ್ ಲಸ್ಕಂಬ್. ಅದನ್ನ ಮುಚ್ಚಿಸಿ. ಕೆಲಸ ಗೊತ್ತಿರೋರ ಕೈಲಿ."

ಇಡೀ ಗೋಡೆಯಲ್ಲಿ ಇದ್ದ ನಿಜವಾದ ಬಿರುಕು ಅದೊಂದೇ. ಸೊಟ್ಟಗೆ, ಬಳುಕುತ್ತ ಹರಿದಿತ್ತು. ಬಳ್ಳಿಯ ಕೆತ್ತನೆ ಎಂದುಕೊಂಡು ನಾನು ಅದರ ಧೂಳು ಒರೆಸಿ, ಜೋಪಾನವಾಗಿ ಹಾಗೇ ಬಿಟ್ಟಿದ್ದೆ!

ನೀವು ಈ ಕಡೆ ಬಂದರೆ ದಯವಿಟ್ಟು ಏರು ಹತ್ತಿ ಬಂದು ಈ ಎರಡು ಮನೆಗಳನ್ನು ನೋಡಿ. ಬೆಳಗ್ಗೆ ಬನ್ನಿ. ಓರೆ ಬಿಸಿಲಿಗೆ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ.