ಜೂನ್ ಒಂದರ ಪರಪ್ಪ

“ಹಲ್ಲಿನ ಡಾಕ್ಟರ್‌ಗೆ ನೆನಪೈತಿ, ಕಟ್ಕೊಂಡ ಹೆಂಡ್ತಿಗೆ ನೆನಪಿಲ್ಲ!”

“ನಿಮ್ಮ ದವಡಿ ಹಲ್ಲ ಕಿತ್ತಾರ ಅವ್ರು. ಅವ್ರಿಗೆ ನೆನಪಿರಲಾರದ ಇನ್ಯಾರಿಗಿರ್ತೈತ್ರಿ?”

ಸಯನ್‌ನ ನಾಲ್ಕನೇ ಮಹಡಿಯ ಮನೆಯಲ್ಲಿ ಚಹಾ ಆರಿ ತಣ್ಣಗಾಗಿತ್ತು. ಪರಪ್ಪ, ಡಾಕ್ಟರು ಕಳಿಸಿದ ಕೇಕಿನ ಚಿತ್ರ ತೆರೆದು, ಮೊಬೈಲನ್ನು ಹೆಂಡತಿ ರಾಚವ್ವನ ಮೂಗಿನ ಮುಂದೆ ಹಿಡಿದಿದ್ದ. ಅವಳು ಅದರ ಕೆಳಗೇ ಕೈ ತೂರಿಸಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಹೋದ ವರ್ಷದವರೆಗೆ ಜೂನ್ ಒಂದಕ್ಕೆ ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಕೇಕು ಕತ್ತರಿಸಿ ಚಪ್ಪಾಳೆ ತಟ್ಟುವ ಮಂದಿಯಿದ್ದರು. ನಿನ್ನೆಯಷ್ಟೇ ಪರಪ್ಪ ರಿಟೈರಾಗಿದ್ದ. ಇನ್ನು ಚಪ್ಪಾಳೆಗೆ ಉಳಿದವಳು ಇವಳೊಬ್ಬಳೇ.

“ಬ್ಯಾಂಕಿನವ್ರು ಮೆಸೇಜ್ ಹಾಕ್ಯಾರ. ಚಸ್ಮಾ ಅಂಗಡಿಯವ್ರು ಹಾಕ್ಯಾರ. ನೀ ಮಾತ್ರ ಮುಂಜಾನೆದ್ದು ‘ಹಾಲ ಬಂತೇನ್ರಿ’ ಅಂತಿ!”

“ಹಾಲ ಬಂದಿದ್ದಿಲ್ಲ, ಕೇಳಿದೆ.”

“ಇವತ್ತ ನನ್ನ ಹ್ಯಾಪಿ ಬರ್ತ್‌ಡೇ ಐತಿ!”

“ಅದು ಸಾಲಿ ಮಾಸ್ತರು ಹಾಕಿದ ತಾರೀಖರಿ. ಬಲಗೈ ತಲಿ ಮ್ಯಾಲಿಂದ ಹೋಗಿ ಎಡಗಿವಿ ಮುಟ್ಟಿತೋ, ಸಾಲಿಗೆ ಸೇರೂ ವಯಸ್ಸಾತು, ಬರಕೋ ಜೂನ್ ಒಂದು. ನಿಮ್ಮೂರಾಗ ಎಲ್ಲಾರೂ ಅವತ್ತ ಹುಟ್ಯಾರ. ಸೂಲಗಿತ್ತಿ ಒಬ್ಬಾಕಿ, ಎಷ್ಟ ಮನಿಗೆ ಓಡಿರಬೇಕ ಪಾಪ!”

ಪರಪ್ಪನಿಗೆ ನಗು ಬಂತು. ನಕ್ಕರೆ ಜಗಳ ಸೋತಂತೆ, ಅದಕ್ಕೆ ಕೆಮ್ಮಿದ.

“ನಗಸಬ್ಯಾಡ. ಖರೆ ದಿನ ಅವ್ವಗೊಬ್ಬಾಕಿಗೇ ಗೊತ್ತಿತ್ತು. ಅಕಿ ಹೋದ್ಲು. ಇನ್ನ ಈ ಪರಪ್ಪ ಹುಟ್ಟಿದ್ದು ಯಾರಿಗೂ ನೆನಪಿಲ್ಲ. ಮನಸಿಗೆ ಭಾಳ ಕೆಟ್ಟ ಅನಸ್ತೈತಿ, ರಾಚವ್ವಾ.”

ರಾಚವ್ವ ಸೊಪ್ಪು ಕೆಳಗಿಟ್ಟಳು.

“ಅತ್ತಿ ನನಗ ಹೇಳೇ ಹೋಗ್ಯಾರ. ಕಾರಹುಣ್ಣಿವಿ ದಿನ, ಎತ್ತಿಗೆ ಆರತಿ ಬೆಳಗೂ ಹೊತ್ತಿಗೆ ಹುಟ್ಟೀರಿ ನೀವು.”

“ಮತ್ತ ಒಂದ ಸಲಾನರ ನೆನಸ್ಕೊಂಡಿಯೇನ?”

“ಅಯ್ಯ, ಪ್ರತಿ ಕಾರಹುಣ್ಣಿವಿಗೆ ಹೋಳಗಿ ಮಾಡಿ, ನಿಮ್ಮನ್ನ ಮಣಿ ಮ್ಯಾಲ ಕುಂದ್ರಿಸಿ, ಕೊಳ್ಳಾಗ ಹಾರ ಹಾಕಿ ಆರತಿ ಮಾಡ್ತೀನಲ್ರಿ! ಅದೇನಂತ ತಿಳಿದಿದ್ರಿ?”

“ಅದು... ಎತ್ತಿನ ಹಬ್ಬ ಅಲ್ಲೇನ?”

“ಈ ಬಿಲ್ಡಿಂಗಿನ್ಯಾಗ ಎತ್ತು ಎಲ್ಲೈತ್ರಿ?”

“ಅದಕ್ಕಽ! ಲಿಫ್ಟಿನ್ಯಾಗ ಎತ್ತು ಬರೂದಿಲ್ಲ, ಅದರ ಬದಲಿ ನನ್ನ ಕುಂದ್ರಸ್ತಿ ಅಂತ ತಿಳಕೊಂಡಿದ್ದೆ.”

“ಇಷ್ಟ ವರ್ಷ?”

“ಹಬ್ಬ ಕೆಡಬಾರದಂತ ಸುಮ್ನ ಕೊಳ್ಳ ಬಗ್ಗಿಸ್ತಿದ್ದೆ. ಹಣಿಗೆ ಕುಂಕುಮ ಹಚ್ಚಿದಾಗ, ಪುಣ್ಯಾಕ್ಕ ಕೊಂಬಿಗೆ ಬಣ್ಣ ಹಚ್ಚೂದು ಬಿಟ್ಟಾಳ ಅಂತ ಸಮಾಧಾನ ಆಗ್ತಿತ್ತು.”

ರಾಚವ್ವ ಸೆರಗು ಬಾಯಿಗಿಟ್ಟುಕೊಂಡು ಹೊಟ್ಟೆ ಹಿಡಿದು ನಕ್ಕಳು. ಪರಪ್ಪನೂ ನಕ್ಕ. ಕಣ್ಣಲ್ಲಿ ನೀರು ಬಂದದ್ದು ನಗುವಿಗೋ ಇನ್ನೊಂದಕ್ಕೋ ಅವನಿಗೇ ತಿಳಿಯಲಿಲ್ಲ. ಅಷ್ಟು ವರ್ಷ ಅವನ ಹುಟ್ಟಿದ ದಿನ ಮನೆಯಲ್ಲೇ ನಡೆದಿತ್ತು, ಅವನೇ ಹೋಳಿಗೆ ಹೊಡೆದಿದ್ದ. ಆಗ ಇನ್ನೊಂದು ಹೊಳೆಯಿತು. ಇವಳ ಹುಟ್ಟಿದ ದಿನವನ್ನು ತಾನು ಕೇಳಿಯೇ ಇರಲಿಲ್ಲ.

“ನಿಂದು ಯಾವಾಗ, ರಾಚವ್ವಾ?”

“ನಮ್ಮವ್ವಗೂ ನೆನಪಿರಲಿಲ್ಲ ಬಿಡ್ರಿ. ನನಗ ಮಾಸ್ತರು ಬರದದ್ದಽ ಖಾಯಂ.”

ಅಷ್ಟರಲ್ಲಿ ಅವಳ ಮೊಬೈಲು ಟಿಣ್ ಎಂದಿತು. ಪರಪ್ಪ ಎತ್ತಿ ನೋಡಿದ. ಅದೇ ಹಲ್ಲಿನ ಡಾಕ್ಟರು, ಅದೇ ಕೇಕಿನ ಚಿತ್ರ. ಕೆಳಗೆ ಹೆಸರು ಮಾತ್ರ ರಾಚವ್ವ.

ಮುಂಜಾನೆಯಿಂದ ತಾನು ಕೂಗಾಡಿದ್ದು ಇವಳ ಹುಟ್ಟುಹಬ್ಬದ ದಿನ! ಪರಪ್ಪ ದಡಬಡಿಸಿ ಎದ್ದ.

“ಆರತಿ ತಾಟ ಎಲ್ಲಿಟ್ಟಿ?”

“ಆರತಿ ಎತ್ತಿಗಿರ್ಲಿ ಬಿಡ್ರಿ,” ಎಂದು ರಾಚವ್ವ ಚಪ್ಪಲಿ ಮೆಟ್ಟಿದಳು. “ಎಮ್ಮಿಗೆ ಮಾಟುಂಗಾದಾಗ ಮಸಾಲಿ ದೋಸಿ ತಿನ್ನಸ್ರಿ, ನಡೀರಿ.”